ಘೋ ತೊಡದವರ ಭೂತಾನ

ನಮಸ್ಕಾರ. ಭೂತಾನದ ಗಂಡಸರು ತೊಡುವ ಘೋವನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಪಾದದವರೆಗೆ ಇಳಿಯುವ ಆ ನಿಲುವಂಗಿಯನ್ನು ಮೊಣಕಾಲಿನ ತನಕ ಎತ್ತಿ, ಬೆನ್ನ ಹಿಂದೆ ಮಡಿಕೆ ಹಿಡಿದು, ಕೇರಾ ಎಂಬ ನೇಯ್ದ ಪಟ್ಟಿಯಿಂದ ಸೊಂಟಕ್ಕೆ ಬಿಗಿದರೆ, ಎದೆಯ ಬಳಿ ದೊಡ್ಡದೊಂದು ಜೋಳಿಗೆ ತಾನಾಗಿಯೇ ಮೂಡುತ್ತದೆ. ಹಿಂದೆ ಊಟದ ಬಟ್ಟಲೂ ಕಿರುಗತ್ತಿಯೂ ಅದರಲ್ಲಿರುತ್ತಿದ್ದವು. ಈಗ ಮೊಬೈಲು, ಹಣದ ಚೀಲ ಇರುತ್ತವೆ. ಮಲೆಯ ಚಳಿಗೆ ಇಷ್ಟು ಒಗ್ಗಿದ ಉಡುಪನ್ನು ಒಂದು ನಾಡು ಪ್ರೀತಿಸುವುದು ಸಹಜವೇ.

ಆದರೆ 1989ರಲ್ಲಿ ರಾಜಾಜ್ಞೆಯೊಂದು ದ್ರಿಗ್ಲಾಮ್ ನಮ್ಜಾ ಎಂಬ ಶಿಷ್ಟಾಚಾರವನ್ನು, ಅದರೊಡನೆ ಘೋ ಮತ್ತು ಹೆಂಗಸರ ಕಿರಾವನ್ನು, ಇಡೀ ದೇಶಕ್ಕೆ ಕಡ್ಡಾಯಗೊಳಿಸಿತು. ದಕ್ಷಿಣದ ಬಿಸಿಲ ತಪ್ಪಲಿನಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ನೇಪಾಳಿ ಮಾತಿನ ಲ್ಹೋತ್ಸಾಂಪರು ದೌರಾ ಸುರುವಾಲ್ ಎಂಬ ಅಂಗಿ-ಷರಾಯಿ, ಸೀರೆ ಉಡುವವರು. ಉತ್ತರದ ಬೌದ್ಧರ ದಪ್ಪ ಉಡುಪನ್ನು ಅವರೂ ತೊಡಬೇಕಾಯಿತು, ತಪ್ಪಿದರೆ ದಂಡ. ಅದೇ ವರ್ಷ ಶಾಲೆಗಳಿಂದ ನೇಪಾಳಿ ಪಾಠವೂ ಹೋಯಿತು.

ಅರಸೊತ್ತಿಗೆಯ ಅಂಜಿಕೆ ಸುಳ್ಳಲ್ಲ. ಎರಡು ದೈತ್ಯ ದೇಶಗಳ ನಡುವಿನ ಆ ಪುಟ್ಟ ರಾಜ್ಯವು, 1975ರಲ್ಲಿ ನೆರೆಯ ಸಿಕ್ಕಿಂ ಭಾರತದಲ್ಲಿ ಸೇರಿಹೋದುದನ್ನು ಕಣ್ಣಾರೆ ಕಂಡಿತ್ತು. ಆದರೂ ನಾನು ಆ ಆಜ್ಞೆಯನ್ನು ಒಪ್ಪಲಾರೆ, ಏಕೆಂದರೆ ಅದು ಒಂಟಿಯಾಗಿ ಬರಲಿಲ್ಲ. 1985ರ ಪೌರತ್ವ ಕಾಯ್ದೆ 1958ರ ಕೊನೆಯೊಳಗಿನ ವಾಸದ ದಾಖಲೆ ಕೇಳಿತ್ತು. 1988ರ ಗಣತಿ ದಕ್ಷಿಣದವರನ್ನು ಮನೆಮನೆಯಲ್ಲಿ ವಿಂಗಡಿಸಿತ್ತು. ಮೂವತ್ತು ವರ್ಷ ಹಿಂದಿನ ಕಂದಾಯದ ರಸೀದಿಯನ್ನು ಹುಡುಕುತ್ತಿದ್ದ ರೈತನಿಗೆ, ಮೈಮೇಲಿನ ಬಟ್ಟೆಯೂ ಪರಕೀಯತೆಯ ಸಾಕ್ಷಿಯೆಂದು ಸರ್ಕಾರವೇ ಹೇಳಿದಂತಾಯಿತು. ಉಡುಪಿನ ರಾಜಕೀಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ: ಅಜ್ಜಿ ಮಗ್ಗದಲ್ಲಿ ನೇಯ್ದು ಮೊಮ್ಮಗನಿಗೆ ತೊಡಿಸಿದ ಬಟ್ಟೆ, ಪೊಲೀಸನ ಕೈಗೆ ಸಿಕ್ಕ ಗಳಿಗೆಯಿಂದ ಆ ಅಜ್ಜಿಯದಾಗಿ ಉಳಿಯುವುದಿಲ್ಲ.

1990ರಲ್ಲಿ ದಕ್ಷಿಣದಲ್ಲಿ ಪ್ರತಿಭಟನೆಗಳು ಎದ್ದವು, ದಮನ ಹಿಂಬಾಲಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನ ಪೂರ್ವ ನೇಪಾಳದ ಝಾಪಾ ಮತ್ತು ಮೊರಾಂಗ್ ಜಿಲ್ಲೆಗಳ ಬಿದಿರಿನ ಗುಡಿಸಲುಗಳನ್ನು ಸೇರಿದರು. ನೇಪಾಳವು ಅವರನ್ನು ತನ್ನ ಪ್ರಜೆಗಳನ್ನಾಗಿ ಒಪ್ಪಲಿಲ್ಲ, ಭೂತಾನವು ಮರಳಿ ಕರೆಯಲಿಲ್ಲ. ಹದಿನೈದು ವರ್ಷಕ್ಕೂ ಮಿಕ್ಕಿ ಶಿಬಿರಗಳಲ್ಲೇ ಕಳೆದ ಮೇಲೆ ಬಹುತೇಕರಿಗೆ ಅಮೆರಿಕ ಮುಂತಾದ ದೂರದೇಶಗಳು ನೆಲೆ ಕೊಟ್ಟವು.

ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಇಂದು ಅವರ ದೊಡ್ಡ ಸಮುದಾಯವೇ ಇದೆ. ಅವರು ದಸರೆಯ ಟೀಕಾ ಇಟ್ಟುಕೊಳ್ಳುತ್ತಾರೆ, ನೇಪಾಳಿ ಮಾತಾಡುತ್ತಾರೆ. ಆ ಊರಿನವರು ಅವರನ್ನು ಕರೆಯುವುದು ಭೂತಾನಿಗಳೆಂದೇ.