ಬಟನ್ ಒತ್ತುವವರು ಬಹಳ, ಸೆಟ್ಟಿಂಗ್ ಬಲ್ಲವರು ಕಡಿಮೆ: ಕಲಬುರಗಿಯಿಂದ ಮಶಿನಿಸ್ಟ್ ಆಗುವ ದಾರಿ

[ದೃಶ್ಯ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶ. ಅರ್ಧ ಎತ್ತಿದ ಶಟರ್. ಒಳಗೆ ಲೇತ್ ಓಡುವ ಸದ್ದು.]

ನಮಸ್ಕಾರ್ರಿ. ಜನವರಿ ತಿಂಗಳು ಅಂದುಕೊಳ್ಳಿ. ಹೊಸ ತೊಗರಿ ಬಂದಿದೆ. ದಾಲ್‌ಮಿಲ್‌ಗಳು ಹಗಲು ರಾತ್ರಿ ಓಡುತ್ತಿವೆ. ಆಗಲೇ ಕಾಳು ಮೇಲೆತ್ತುವ ಒಂದು ಎಲಿವೇಟರ್‌ನ ಶಾಫ್ಟ್ (ತಿರುಗುವ ಉಕ್ಕಿನ ದಂಡ) ಸವೆದು, ಬೇರಿಂಗ್ ಲೊಡಲೊಡ ಅನ್ನಲು ಶುರುಮಾಡುತ್ತದೆ. ಹೊಸ ಶಾಫ್ಟ್ ಹೊರಗಿಂದ ತರಿಸುವಷ್ಟು ಪುರುಸೊತ್ತಿಲ್ಲ. ಲಾರಿ ಗೇಟಿನಲ್ಲಿ ನಿಂತಿದೆ. ಮಾಲೀಕರು ಆ ಶಾಫ್ಟನ್ನು ಆಟೋದಲ್ಲಿ ಹಾಕಿಕೊಂಡು ಲೇತ್, ಅಂದರೆ ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ ಇರುವ ಅಂಗಡಿಗೆ ಬರುತ್ತಾರೆ. "ಉಸ್ತಾದ್, ಸಂಜಿಗೆ ಬೇಕ್ರಿ."

ಈ ಒಂದು ಕೆಲಸ ಬಿಡಿಸಿ ನೋಡಿದರೆ ಸಾಕು, ಮಶಿನಿಸ್ಟ್, ಅಂದರೆ ಯಂತ್ರದಲ್ಲಿ ಲೋಹವನ್ನು ಅಳತೆಗೆ ಕತ್ತರಿಸುವವರು, ಏನು ಕಲಿತಿರಬೇಕು ಅನ್ನೋದು ಗೊತ್ತಾಗುತ್ತದೆ. ಕೋರ್ಸಿನ ಪಟ್ಟಿ ಆಮೇಲೆ ನೋಡೋಣ.

[ದೃಶ್ಯ: ಸವೆದ ಶಾಫ್ಟ್, ಪಕ್ಕದಲ್ಲಿ ಹೊಸ 6208 ಬೇರಿಂಗ್.]

6208 ಬೇರಿಂಗ್. ಒಳಗಿನ ತೂತು 40 ಮಿಲಿಮೀಟರ್. ಹಾಗಾದರೆ ಶಾಫ್ಟ್ ಸರಿಯಾಗಿ 40 ಇರಬೇಕು ಅಲ್ವಾ? ಅಲ್ಲ. ಶಾಫ್ಟ್ ತಿರುಗುವಾಗ ಬೇರಿಂಗ್ ಅದರ ಮೇಲೆ ಜಾರಬಾರದು. ಅದಕ್ಕೆ ಸ್ವಲ್ಪ ಬಿಗಿ ಬೇಕು. ಇಂಥ ಕಡೆ ಸಾಮಾನ್ಯವಾಗಿ ಕೆ6 ಫಿಟ್ ಕೊಡುತ್ತಾರೆ. ಅಂದರೆ ಶಾಫ್ಟಿನ ಅಳತೆ 40.002ಕ್ಕಿಂತ ಕಡಿಮೆ ಆಗಬಾರದು, 40.018 ದಾಟಬಾರದು. ನಡುವೆ ಸಿಗುವ ಜಾಗ ಬರೀ 0.016 ಮಿಲಿಮೀಟರ್. ನಿಮ್ಮ ತಲೆಗೂದಲು ಇದರ ಮೂರು ನಾಲ್ಕು ಪಟ್ಟು ದಪ್ಪ ಇರುತ್ತದೆ.

ಕಿಸೆಯಲ್ಲಿ ವರ್ನಿಯರ್ ಇಟ್ಟುಕೊಂಡು ಓಡಾಡುವವರು ಒಂದು ನಿಮಿಷ ನಿಲ್ಲಿ. ಸಾಮಾನ್ಯ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆ 0.02. ನಮಗೆ ಸಿಕ್ಕಿರುವ ಜಾಗವೇ ಅದಕ್ಕಿಂತ ಕಡಿಮೆ. ಇಲ್ಲಿ ಮೈಕ್ರೋಮೀಟರ್ ಬೇಕು. ಅದರಲ್ಲೂ ಸಾದಾ ಮೈಕ್ರೋಮೀಟರ್ 0.01ರವರೆಗೆ ಮಾತ್ರ ಓದುತ್ತದೆ. ಎರಡು ಗೆರೆಗಳ ನಡುವೆ ಎಷ್ಟಿದೆ ಅಂತ ಕಣ್ಣಂದಾಜು ಮಾಡಬೇಕು, ಇಲ್ಲವೇ 0.001 ತೋರಿಸುವ ಮೈಕ್ರೋಮೀಟರ್ ಕೊಳ್ಳಬೇಕು.

[ದೃಶ್ಯ: ವೆಲ್ಡಿಂಗ್. ಆಮೇಲೆ ಎರಡು ಸೆಂಟರ್‌ಗಳ ನಡುವೆ ಶಾಫ್ಟ್, ಮೇಲೆ ಡಯಲ್ ಗೇಜ್.]

ಸವೆದ ಜಾಗಕ್ಕೆ ಮೊದಲು ವೆಲ್ಡಿಂಗ್ ತುಂಬುತ್ತಾರೆ. ವೆಲ್ಡಿಂಗ್ ಬಿಸಿಗೆ ಶಾಫ್ಟ್ ಸೊಟ್ಟ ಆಗಬಹುದು. ಅದಕ್ಕೇ ಉಸ್ತಾದರು ಟೂಲ್ (ಕತ್ತರಿಸುವ ಅಲಗು) ಮುಟ್ಟುವ ಮೊದಲು ಡಯಲ್ ಗೇಜ್ ಇಟ್ಟು, ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಮುಳ್ಳು ಎಷ್ಟು ಆಡುತ್ತದೆ ಅಂತ ನೋಡುತ್ತಾರೆ. ಈ ನೋಡುವ ಕೆಲಸಕ್ಕೆ ಲೋಹ ಕತ್ತರಿಸುವುದಕ್ಕಿಂತ ಜಾಸ್ತಿ ಹೊತ್ತು ಹೋದರೂ ಆಶ್ಚರ್ಯವಿಲ್ಲ.

ಈಗ ವೇಗ. ಹೈಸ್ಪೀಡ್ ಸ್ಟೀಲ್ ಟೂಲ್, ಮೈಲ್ಡ್ ಸ್ಟೀಲ್ ಶಾಫ್ಟ್. ಕತ್ತರಿಸುವ ವೇಗ ನಿಮಿಷಕ್ಕೆ ಸುಮಾರು 30 ಮೀಟರ್ ಹಿಡಿಯೋಣ. 30ನ್ನು 1000ದಿಂದ ಗುಣಿಸಿ, ಅದನ್ನು 3.14 ಮತ್ತು 40ರ ಗುಣಲಬ್ಧದಿಂದ ಭಾಗಿಸಿ. ಬರುವುದು ಸುಮಾರು 240. ನಿಮಿಷಕ್ಕೆ ಅಷ್ಟು ಸುತ್ತು. ಇನ್ನೂ ಗಟ್ಟಿಯಾದ ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಅಲಗಿನ ತುಂಡು) ಹಾಕಿ 120 ಮೀಟರ್ ವೇಗ ಇಟ್ಟರೆ 950ರ ಮೇಲೆ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತ ಇಲ್ಲಿ ಕೈ ಹಿಡಿಯುತ್ತದೆ. ಆದರೆ ಲೆಕ್ಕ ಬರದ ಹಳೇ ಉಸ್ತಾದರು ಹೇಗೆ ಮಾಡುತ್ತಾರೆ? ಚಿಪ್ಸ್, ಅಂದರೆ ಕತ್ತರಿಸಿ ಬೀಳುವ ಲೋಹದ ಸುರುಳಿಯ ಬಣ್ಣ ನೋಡುತ್ತಾರೆ. ಹೈಸ್ಪೀಡ್ ಟೂಲಿನಲ್ಲಿ ಸುರುಳಿ ನೀಲಿಯಾಗಿ ಬರತೊಡಗಿದರೆ ಟೂಲಿನ ಬಾಯಿ ಸುಡುತ್ತಿದೆ ಎಂದರ್ಥ. ವೇಗ ಇಳಿಸುತ್ತಾರೆ. ಕಾರ್ಬೈಡಿನಲ್ಲಿ ಅದೇ ನೀಲಿ ಬಂದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಅಸಲಿ ವಿಷಯಕ್ಕೆ ಬರೋಣ. ಕೊನೆಯ ಕಟ್ ಮುಗಿಯಿತು. ಹುಡುಗ ಆತುರದಲ್ಲಿ ಮೈಕ್ರೋಮೀಟರ್ ಇಟ್ಟ. 40.010. ಸರಿಯಾಗಿ ನಡುಮಧ್ಯ! ಖುಷಿಯಲ್ಲಿ ಬಿಚ್ಚಲು ಹೋದ. ಉಸ್ತಾದರು ಅಂದರು: "ತಡಿಯಪ್ಪ, ಬಿಸಿ ಅದ. ಆರ್ಲಿ ಮೊದ್ಲ."

[ದೃಶ್ಯ: ತೆರೆಯ ಮೇಲೆ ಲೆಕ್ಕ.]

ಯಾಕೆ? ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ನಮ್ಮ ಶಾಫ್ಟ್ ದಪ್ಪ 40 ಮಿಲಿಮೀಟರ್. ಕಟ್ ಆದ ಕೂಡಲೇ ಅದು ಮೈಕ್ರೋಮೀಟರಿಗಿಂತ 30 ಡಿಗ್ರಿ ಹೆಚ್ಚು ಬಿಸಿ ಇದೆ ಅನ್ನಿ. ಹಿಗ್ಗಿದ್ದು 0.014. ಆರಿದ ಮೇಲೆ ಅಳೆದರೆ 39.996. ಹೋಯಿತು. ಬೇಕಾದ ಬಿಗಿ ಸಿಗುವುದಿಲ್ಲ, ಬೇರಿಂಗ್ ಜಾರಬಹುದು. ಮತ್ತೆ ವೆಲ್ಡಿಂಗ್, ಮತ್ತೆ ಮೊದಲಿನಿಂದ.

ಜಗತ್ತಿನಲ್ಲಿ ಅಳತೆಗೆ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ. ಹಾಗಂತ ಕಲಬುರಗಿಯಲ್ಲಿ ನಿಖರ ಕೆಲಸ ಆಗೋದಿಲ್ಲ ಅಂತಲ್ಲ. ಶಾಫ್ಟೂ ಉಕ್ಕು, ಮೈಕ್ರೋಮೀಟರೂ ಉಕ್ಕು. ಎರಡೂ ಒಂದೇ ನೆರಳಿನಲ್ಲಿ, ಒಂದೇ ಬಿಸಿಯಲ್ಲಿದ್ದರೆ ಎರಡೂ ಒಂದೇ ಸಮ ಹಿಗ್ಗುತ್ತವೆ, ಅಳತೆ ಹೆಚ್ಚುಕಡಿಮೆ ಸರಿ ಬರುತ್ತದೆ. ತೊಂದರೆ ಬರೋದು ಒಂದು ಬಿಸಿ ಇದ್ದು ಇನ್ನೊಂದು ತಣ್ಣಗಿದ್ದಾಗ. ಮೈಕ್ರೋಮೀಟರನ್ನು ಕಿಸೆಯಲ್ಲಿಟ್ಟು ಮೈಬಿಸಿ ಹತ್ತಿಸುವುದೂ ಅಷ್ಟೇ ತಪ್ಪು.

[ದೃಶ್ಯ: ಐಟಿಐ ವರ್ಕ್‌ಶಾಪ್. ವೈಸ್, ಹ್ಯಾಕ್ಸಾ, ಫೈಲ್.]

ಇದನ್ನೆಲ್ಲ ಕಲಿಯುವುದು ಎಲ್ಲಿ? ಹತ್ತನೇ ತರಗತಿ ಪಾಸಾದವರಿಗೆ ಐಟಿಐ. ಟರ್ನರ್ ಟ್ರೇಡ್ ಎರಡು ವರ್ಷ, ಮಶಿನಿಸ್ಟ್ ಟ್ರೇಡ್ ಎರಡು ವರ್ಷ. ಟರ್ನರ್‌ಗೆ ಲೇತ್ ಮುಖ್ಯ, ಮಶಿನಿಸ್ಟ್‌ಗೆ ಮಿಲ್ಲಿಂಗ್, ಗ್ರೈಂಡಿಂಗ್ ಜಾಸ್ತಿ. ಎರಡರಲ್ಲೂ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಶಿನ್, ಇದೆ. ಯಾವುದು ಸಿಕ್ಕರೂ ನಡೆಯುತ್ತದೆ.

ಮೊದಲ ದಿನಗಳಲ್ಲಿ ಮಶಿನ್ ಮುಟ್ಟಿಸುವುದಿಲ್ಲ. ಹ್ಯಾಕ್ಸಾದಲ್ಲಿ ಕೊಯ್ಯಿ, ಫೈಲ್ ಹೊಡಿ, ಟ್ರೈಸ್ಕ್ವೇರ್ ಹಿಡಿದು ಬೆಳಕು ನುಸುಳುತ್ತದೆಯಾ ನೋಡು. ಹುಡುಗರಿಗೆ ಬೇಜಾರು. ಸಿಎನ್‌ಸಿ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಒಂದು ಮುಖವನ್ನು ಕೈಯಾರೆ ಸಮತಟ್ಟು ಮಾಡುವುದು ಎಷ್ಟು ಕಷ್ಟ ಅಂತ ಗೊತ್ತಿದ್ದವನಿಗೆ, ಡ್ರಾಯಿಂಗಿನಲ್ಲಿ 0.02 ಸಮತಟ್ಟು ಅಂತ ಬರೆದಾಗ ಭಯ ಬರುತ್ತದೆ. ಆ ಭಯ ಬೇಕು. ನನ್ನ ಪ್ರಕಾರ ಫೈಲ್ ತಪ್ಪಿಸಿಕೊಂಡವರು ಮುಂದೆ ಅದಕ್ಕೆ ದಂಡ ಕಟ್ಟುತ್ತಾರೆ.

ಇನ್ನೊಂದು ದಾರಿ ಜಿಟಿಟಿಸಿ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸಹಕಾರದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ. ಕಲಬುರಗಿಯಲ್ಲೂ ಕೇಂದ್ರ ಇದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ. ಇದೂ ಎಸ್ಸೆಸ್ಸೆಲ್ಸಿ ಮೇಲೆಯೇ. ಅಚ್ಚು ಮಾಡುವ ಕೆಲಸದಲ್ಲಿ ಆಸಕ್ತಿ ಇದ್ದರೆ, ಮನೆಯಲ್ಲಿ ನಾಲ್ಕು ವರ್ಷ ತಡೆದುಕೊಳ್ಳುವಂತಿದ್ದರೆ, ನಾನು ಇದನ್ನೇ ಹೇಳುತ್ತೇನೆ.

ಸುರಕ್ಷತೆ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಓಡುವ ಲೇತ್ ಹತ್ತಿರ ಕೈಗವಸು ಬೇಡ. ಉಂಗುರ, ಕೈಗೆ ಕಟ್ಟಿದ ದಾರ, ಸಡಿಲ ತೋಳು ಬೇಡ. ಕತ್ತಿನ ಟವೆಲ್ ಗೂಟಕ್ಕೆ ಹಾಕಿ. ಚಿಪ್ಸ್ ಕೈಯಿಂದ ಎಳೆಯಬೇಡಿ, ಕೊಕ್ಕೆ ಇದೆ. ಚಕ್ (ಪೀಸನ್ನು ಹಿಡಿಯುವ ಹಿಡಿ) ಬಿಗಿಸುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಮಶಿನ್ ಚಾಲೂ ಮಾಡಿದರೆ ಅದು ಗುಂಡಿನ ಹಾಗೆ ಹಾರುತ್ತದೆ.

[ದೃಶ್ಯ: ಕಲಬುರಗಿ ರೈಲು ನಿಲ್ದಾಣ. ಚೀಲ ಹೊತ್ತ ಹುಡುಗರು.]

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಕಲಿಯುತ್ತಾ ಸ್ಟೈಪೆಂಡ್ ಪಡೆಯಬಹುದು, ಕೊನೆಗೆ ರಾಷ್ಟ್ರೀಯ ಪ್ರಮಾಣಪತ್ರ. ಇದನ್ನು ಬಿಟ್ಟು ನೇರ ಕೆಲಸಕ್ಕೆ ಓಡುವವರು ಬಹಳ, ಯಾಕೆಂದರೆ ಸಂಬಳಕ್ಕಿಂತ ಸ್ಟೈಪೆಂಡ್ ಕಡಿಮೆ. ಮನೆ ಕಷ್ಟ ಇದ್ದರೆ ತಪ್ಪು ಅನ್ನಲಾರೆ. ಆದರೆ ರೈಲ್ವೆ, ಎಚ್‌ಎಎಲ್‌ನಂಥ ಕಡೆ ಮುಂದೆ ಅರ್ಜಿ ಹಾಕುವಾಗ ಆ ಕಾಗದಕ್ಕೆ ಬೆಲೆ ಇದೆ.

ಇಲ್ಲಿಂದ ಹುಡುಗರು ಪುಣೆಯ ಚಾಕಣ, ಭೋಸರಿಗೆ ಹೋಗುತ್ತಾರೆ. ಬೀದರ್ ಕಡೆಯವರಿಗೆ ಹೈದರಾಬಾದ್ ಹತ್ತಿರ. ಕೆಲವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಪೀಣ್ಯಕ್ಕೆ. ಹೋದ ಕೂಡಲೇ ಸಿಗುವ ಕೆಲಸ ಸಿಎನ್‌ಸಿ ಆಪರೇಟರ್.

ಇಲ್ಲೇ ದಾರಿ ಎರಡಾಗುತ್ತದೆ, ಕಿವಿಗೊಟ್ಟು ಕೇಳಿ. ಆಪರೇಟರ್ ಏನು ಮಾಡುತ್ತಾರೆ? ಕಚ್ಚಾ ಪೀಸ್ ಹಾಕುತ್ತಾರೆ, ಬಾಗಿಲು ಮುಚ್ಚುತ್ತಾರೆ, ಹಸಿರು ಬಟನ್ ಒತ್ತುತ್ತಾರೆ, ಮುಗಿದ ಪೀಸ್ ತೆಗೆದು ಗೇಜ್ ಹಾಕಿ ನೋಡುತ್ತಾರೆ. ದಿನಕ್ಕೆ ನೂರಾರು ಸಲ ಅದೇ. ಇದರ ಮೇಲೆ ಸೆಟ್ಟರ್. ಹೊಸ ಜಾಬ್ ಬಂದಾಗ ಪೀಸ್ ಹಿಡಿಯುವ ಜಾ ಬದಲಿಸುವುದು, ಟೂಲ್ ಕೂರಿಸುವುದು, ಆಫ್‌ಸೆಟ್ (ಟೂಲಿನ ಸ್ಥಾನದ ಅಂಕಿ) ಹಿಡಿಯುವುದು, ಮೊದಲ ಪೀಸ್ ತೆಗೆದು ಪಾಸ್ ಮಾಡಿಸುವುದು ಅವರ ಕೆಲಸ. ಅದರ ಮೇಲೆ ಪ್ರೋಗ್ರಾಮರ್. ಸಂಬಳದ ದೊಡ್ಡ ಜಿಗಿತ ಆಪರೇಟರ್‌ನಿಂದ ಸೆಟ್ಟರ್ ಆಗುವಾಗ ಬರುತ್ತದೆ. ಎಷ್ಟೋ ಜನ ಆ ಗೆರೆ ದಾಟದೆ ಬಟನ್ ಹತ್ತಿರವೇ ಉಳಿದುಬಿಡುತ್ತಾರೆ.

[ದೃಶ್ಯ: ಸಿಎನ್‌ಸಿ ಪರದೆ, ಆಫ್‌ಸೆಟ್ ಪುಟ.]

ದಾಟುವುದು ಹೇಗೆ? ಒಂದು ಉದಾಹರಣೆ. ಪೀಸ್‌ಗಳು ಬರುತ್ತಾ ಬರುತ್ತಾ ಇನ್ಸರ್ಟ್ ಸವೆಯುತ್ತದೆ. ಹೊರಗಿನ ಅಳತೆ 0.02 ಜಾಸ್ತಿ ಬರತೊಡಗುತ್ತದೆ. ಸವೆತ ಸರಿಪಡಿಸುವ ವೇರ್ ಆಫ್‌ಸೆಟ್‌ನಲ್ಲಿ ಎಕ್ಸ್ (ದಪ್ಪದ ಅಳತೆ) ಎದುರು ಮೈನಸ್ 0.02 ಕೊಡಬೇಕು. ಮೈನಸ್ ಬದಲು ಪ್ಲಸ್ ಕೊಟ್ಟರೆ ಮುಂದಿನ ಪೀಸ್ 0.04 ಜಾಸ್ತಿ ದಪ್ಪ. ಚುಕ್ಕಿ ತಪ್ಪಿ ಮೈನಸ್ 2 ಅಂತ ಹೋದರೆ ಟೂಲ್ ಪೀಸಿನೊಳಗೆ ನುಗ್ಗುತ್ತದೆ. ಸೆಟ್ಟರ್ ಬಂದು ಈ ಅಂಕಿ ಬದಲಿಸುವಾಗ ಚಹಾ ಕುಡಿಯಲು ಹೋಗಬೇಡಿ. ಪಕ್ಕದಲ್ಲೇ ನಿಂತು, ಯಾಕೆ ಅಂತ ಕೇಳಿ. ಜಿ00 ಬೇಗ ಸರಿಯುವುದಕ್ಕೆ, ಜಿ01 ಕತ್ತರಿಸುತ್ತಾ ನೇರ ಹೋಗುವುದಕ್ಕೆ, ಜಿ02, ಜಿ03 ವೃತ್ತಕ್ಕೆ, ಎಂ03 ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ತಿರುಗಲು. ಇಷ್ಟು ಗೊತ್ತಿದ್ದರೆ ಪರದೆಯ ಮೇಲೆ ಓಡುವ ಪ್ರೋಗ್ರಾಮ್ ಓದಬಹುದು. ಓದಲು ಬಂದ ಮೇಲೆ ಮುಂದಿನ ಸಾಲಿನಲ್ಲಿ ಟೂಲ್ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಮಿಕ್ಕ ದಾರಿಗಳು ಬೇಗ ಬೇಗ. ಎರಡು ವರ್ಷದ ಐಟಿಐ ಪಾಸಾದವರು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು. ಕಲಿಸುವ ಆಸೆ ಇದ್ದರೆ ಒಂದು ವರ್ಷದ ಇನ್‌ಸ್ಟ್ರಕ್ಟರ್ ತರಬೇತಿ ಇದೆ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೂ ಟರ್ನರ್, ಮಶಿನಿಸ್ಟ್ ಟ್ರೇಡ್ ನಡೆಯುತ್ತದೆ. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ರಾಜ್ಯ ಸರ್ಕಾರದ ಹುದ್ದೆಗಳಿಗೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಊರಿನ ಹತ್ತಿರವೇ ಇರಬೇಕು ಅನ್ನುವವರಿಗೆ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ರಿಪೇರಿ ಕೆಲಸ ಇದೆ. ಯಾದಗಿರಿಯ ಕಡೇಚೂರಿನಲ್ಲಿ ರೈಲು ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿಯುವ ಚೌಕಟ್ಟು ತಯಾರಿಸುವ ಕಾರ್ಖಾನೆ ಇದೆ.

[ದೃಶ್ಯ: ಹಳೇ ಲೇತ್ ಒಂದರ ಬೆಡ್.]

ಕೊನೆಗೆ, ನಾಲ್ಕಾರು ವರ್ಷ ಹೊರಗೆ ದುಡಿದು ಊರಿಗೆ ಬಂದು ಅಂಗಡಿ ಹಾಕುವವರಿಗೆ. ಮೊದಲೇ ಸಾಲ ಮಾಡಿ ಸಿಎನ್‌ಸಿ ತರಬೇಡಿ. ಸಿಎನ್‌ಸಿಗೆ ಒಂದೇ ಥರದ ಸಾವಿರ ಪೀಸ್ ಆರ್ಡರ್ ಬೇಕು. ಇಲ್ಲಿ ಬರುವುದು ಒಂದು ಶಾಫ್ಟ್, ಎರಡು ಬುಷ್, ಟ್ರ್ಯಾಕ್ಟರಿನದೊಂದು ಪಿನ್. ಅದಕ್ಕೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಲೇತ್ ಸಾಕು.

ಕೊಳ್ಳುವಾಗ ಹೊಸ ಬಣ್ಣ ನೋಡಿ ಮರುಳಾಗಬೇಡಿ. ಬೆಡ್, ಅಂದರೆ ಟೂಲ್ ಸರಿದಾಡುವ ಹಳಿ, ಅದರ ಮೇಲೆ ಚಕ್ ಹತ್ತಿರ ಬೆರಳಾಡಿಸಿ. ಜಾಸ್ತಿ ಸವೆಯುವುದು ಅಲ್ಲೇ. ಸ್ಪಿಂಡಲ್ ಮೂತಿಗೆ ಡಯಲ್ ಇಟ್ಟು ಮೇಲೆ ಕೆಳಗೆ ಅಲುಗಿಸಿ, ಬೇರಿಂಗ್ ಸಡಿಲ ಇದ್ದರೆ ಮುಳ್ಳು ಹೇಳುತ್ತದೆ. ಆಮೇಲೆ 50 ಮಿಲಿಮೀಟರ್ ದಪ್ಪದ ತುಂಡೊಂದನ್ನು ಚಕ್‌ನಲ್ಲಿ ಹಿಡಿದು, ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಆಸರೆ ಇಲ್ಲದೆ, 150 ಮಿಲಿಮೀಟರ್ ಉದ್ದಕ್ಕೆ ತೆಳ್ಳನೆಯ ಕಟ್ ಹಾಕಿಸಿ. ಆರಲು ಬಿಡಿ. ಎರಡೂ ತುದಿ ಅಳೆಯಿರಿ. ವ್ಯತ್ಯಾಸ 0.01, 0.02 ಮಿಲಿಮೀಟರ್ ಒಳಗೆ ಇದ್ದರೆ ರೇಟು ಮಾತಾಡಿ. 0.05 ದಾಟಿದರೆ ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ತಲೆಭಾಗ) ಸರಿ ಕೂರಿಸಿಕೊಡಿ ಅಂತ ಕೇಳಿ. ಆಗಲ್ಲ ಅಂದರೆ ಇನ್ನೊಂದು ಮಶಿನ್ ನೋಡಿ.