ಬ್ರಿಸ್ಬೇನ್‌ಗೆ ಹೋದರೆ ಮೊದಲು ಫೆರ್ರಿ ಹತ್ತಿ

ನಮಸ್ಕಾರ. ಬ್ರಿಸ್ಬೇನ್‌ಗೆ ಬರುವ ಎಷ್ಟೋ ಜನ ಏರ್‌ಪೋರ್ಟ್‌ನಲ್ಲಿ ಇಳಿದು ಸೀದಾ ಗೋಲ್ಡ್ ಕೋಸ್ಟ್‌ನ ಥೀಮ್ ಪಾರ್ಕ್‌ಗಳ ಕಡೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಸ್ಟ್ರೇಲಿಯಾದ ಈ ಊರಿನ ಜೀವ ಇರುವುದೇ ನದಿಯಲ್ಲಿ. ನದಿ ಎಷ್ಟು ತಿರುವು ಹೊಡೆಯುತ್ತದೆ ಅಂದರೆ, ರಸ್ತೆಯಲ್ಲಿ ಹೊರಟರೆ ಯಾವ ದಡದಲ್ಲಿ ಇದ್ದೀವಿ ಅನ್ನೋದೇ ಮರೆತುಹೋಗುತ್ತದೆ. ನೀರಿನ ಮೇಲೆ ಹೋದರೆ ಊರು ತಾನಾಗಿಯೇ ಅರ್ಥವಾಗುತ್ತದೆ.

[ದೃಶ್ಯ: ಸ್ಟೋರಿ ಬ್ರಿಡ್ಜ್ ಕೆಳಗೆ ಸಾಗುವ ಸಿಟಿಕ್ಯಾಟ್]

ಇದು ಸಿಟಿಕ್ಯಾಟ್ ಫೆರ್ರಿ, 1996ರಿಂದ ಓಡುತ್ತಿದೆ. ಸೇಂಟ್ ಲೂಸಿಯಾದ ಯೂನಿವರ್ಸಿಟಿ ಹತ್ತಿರ ಹತ್ತಿದರೆ ಹ್ಯಾಮಿಲ್ಟನ್‌ವರೆಗೂ ಹೋಗಬಹುದು. ಟಿಕೆಟ್ ಬರೀ 50 ಸೆಂಟ್! 2024ರ ಆಗಸ್ಟ್‌ನಿಂದ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಬಸ್ಸು, ರೈಲು, ಫೆರ್ರಿ ಮೂರಕ್ಕೂ ಇದೇ ದರ ಮಾಡಿದೆ, ದೂರ ಎಷ್ಟಾದರೂ ಅಷ್ಟೇ. ಏರ್‌ಪೋರ್ಟ್ ರೈಲು ಮಾತ್ರ ಇದಕ್ಕೆ ಸೇರಲ್ಲ, ಅದು ದುಬಾರಿ. ಸಿಟಿ ಮಧ್ಯದಲ್ಲೇ ಸುತ್ತುವ ಸಿಟಿಹಾಪರ್ ಫೆರ್ರಿ ಅಂತೂ ಪೂರ್ತಿ ಉಚಿತ. ಫೆರ್ರಿಯಲ್ಲಿ ಒಳಗೆ ಕೂರಬೇಡಿ, ಮುಂದಿನ ತುದಿಗೆ ಹೋಗಿ ನಿಲ್ಲಿ.

ಇದು ಯಗರ ಮತ್ತು ತುರ್ಬಲ್ ಮೂಲನಿವಾಸಿಗಳ ನೆಲ, ಅವರಿಗೆ ಈ ಜಾಗ ಮಿಯಾಂಜಿನ್. 1825ರಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ನದಿಯ ಪಕ್ಕ ಇಟ್ಟರು. ಆ ಕಾಲದ ಉಗ್ರಾಣದ ಕಲ್ಲಿನ ಕಟ್ಟಡ ವಿಲಿಯಂ ಸ್ಟ್ರೀಟ್‌ನಲ್ಲಿ ಇನ್ನೂ ಇದೆ. ಎದುರು ದಡದ ಸೌತ್ ಬ್ಯಾಂಕ್‌ನಲ್ಲಿ 1988ರ ಎಕ್ಸ್‌ಪೋ, ಅಂದರೆ ವಿಶ್ವ ವಸ್ತುಪ್ರದರ್ಶನ, ನಡೆದಿತ್ತು. ಅದು ಮುಗಿದ ಮೇಲೆ ಆ ಜಾಗ ಜನರಿಗೆ ಪಾರ್ಕ್ ಆಯಿತು, ಮರಳು ಹಾಕಿ ಮಾಡಿದ ಈಜುವ ಬೀಚ್ ಕೂಡ ಅಲ್ಲಿದೆ. ಈಜೋದಿದ್ದರೆ ಅಲ್ಲೇ ಈಜಿ. ನದಿಗೆ ಇಳಿಯಬೇಡಿ, ಅದರಲ್ಲಿ ಬುಲ್ ಶಾರ್ಕ್‌ಗಳಿವೆ.

[ದೃಶ್ಯ: ನ್ಯೂ ಫಾರ್ಮ್ ರಿವರ್‌ವಾಕ್]

ಈ ನಡೆದಾರಿಯ ಕಥೆ ಕೇಳಿ. ಮೊದಲು ಇದು ನೀರಿನ ಮೇಲೆ ತೇಲುತ್ತಿತ್ತು. 2011ರ ಜನವರಿ ಪ್ರವಾಹದಲ್ಲಿ ಕಿತ್ತುಹೋಗಿ, ಅದರ ಒಂದು ದೊಡ್ಡ ತುಂಡು ಕೆಳಗಿನ ಸೇತುವೆಯ ಕಡೆಗೇ ನುಗ್ಗಿತು, ಆಗ ಒಂದು ಪುಟ್ಟ ಟಗ್ ಬೋಟ್ ಅದನ್ನು ತಳ್ಳಿಕೊಂಡು ಹೋಗಿ ಸೇತುವೆಗೆ ಬಡಿಯದ ಹಾಗೆ ಸಮುದ್ರದ ಕಡೆ ದಾಟಿಸಿತು. 2014ರಲ್ಲಿ ಮತ್ತೆ ಕಟ್ಟಿದಾಗ ನದಿಯ ತಳಕ್ಕೆ ಕಂಬ ಇಳಿಸಿಯೇ ಕಟ್ಟಿದರು. 1974ರಲ್ಲೂ ಊರು ಮುಳುಗಿತ್ತು. ಅದಾದ ಮೇಲೆ ಮೇಲ್ಭಾಗದಲ್ಲಿ ವೈವೆನ್‌ಹೋ ಅಣೆಕಟ್ಟು ಬಂತು. ಆದರೆ ಅದರ ಕೆಳಗೂ ಬೇರೆ ಹೊಳೆಗಳು ಬಂದು ಸೇರುತ್ತವೆ, ಆ ನೀರನ್ನು ಅಣೆಕಟ್ಟು ಹಿಡಿಯಕ್ಕಾಗಲ್ಲ ಅಲ್ವಾ? 2022ರಲ್ಲಿ ಮತ್ತೆ ಪ್ರವಾಹ. ಇಷ್ಟಾದರೂ ಜನ ನದಿಗೆ ಬೆನ್ನು ಹಾಕಿಲ್ಲ. ನನಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ನದಿ ಹೋಗಿ ಸೇರುವುದು ಮೊರ್ಟನ್ ಕೊಲ್ಲಿಗೆ. ಒಂದೇ ದಿನ ಇದ್ದರೆ ನನ್ನ ಆಯ್ಕೆ ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪ, ಅಲ್ಲಿನ ಮೂಲನಿವಾಸಿಗಳ ಮಿಂಜೆರಿಬಾ. ರೈಲಿನಲ್ಲಿ ಕ್ಲೀವ್‌ಲ್ಯಾಂಡ್‌ವರೆಗೆ ಹೋಗಿ, ಅಲ್ಲಿಂದ ಬೋಟ್. ಅದಕ್ಕೆ ಬೇರೆ ಟಿಕೆಟ್. ಜೂನ್‌ನಿಂದ ಅಕ್ಟೋಬರ್ ತನಕ ಪಾಯಿಂಟ್ ಲುಕ್‌ಔಟ್‌ನಲ್ಲಿ ಸುಮ್ನೆ ದಡದ ಮೇಲೆ ನಿಂತರೂ ಹಂಪ್‌ಬ್ಯಾಕ್ ತಿಮಿಂಗಿಲಗಳು ಕಾಣಬಹುದು.

ಕಾಡು ಇಷ್ಟವಾದರೆ ದಕ್ಷಿಣಕ್ಕೆ, ಲ್ಯಾಮಿಂಗ್ಟನ್ ನ್ಯಾಷನಲ್ ಪಾರ್ಕ್. ಇದು ವಿಶ್ವ ಪರಂಪರೆಯ ಗೊಂಡ್ವಾನಾ ಮಳೆಕಾಡಿನ ಭಾಗ. ಬಸ್ಸು ನಂಬಬೇಡಿ, ಕಾರು ಬೇಕು. ಕೋಆಲಾ ನೋಡೋಕೆ ಊರಲ್ಲೇ ಲೋನ್ ಪೈನ್ ಅನ್ನೋ ಪ್ರಾಣಿಧಾಮ ಇದೆ, 1927ರಲ್ಲಿ ಶುರುವಾದದ್ದು. ಕೋಆಲಾವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳೋದನ್ನು ಅಲ್ಲಿ 2024ರಲ್ಲಿ ನಿಲ್ಲಿಸಿದರು. ಒಳ್ಳೆಯದೇ ಆಯಿತು, ಆ ಪ್ರಾಣಿಗೂ ನೆಮ್ಮದಿ ಬೇಕು.

ಯಾವಾಗ ಹೋಗೋದು? ಜೂನ್‌ನಿಂದ ಆಗಸ್ಟ್. ಅಲ್ಲಿ ಅದು ಚಳಿಗಾಲ, ಆದರೂ ಹಗಲು ಹಿತವಾದ ಬಿಸಿಲು, ಮಳೆ ಕಡಿಮೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸೆಕೆ ಜಾಸ್ತಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ, ಕೆಲವೊಮ್ಮೆ ಆಲಿಕಲ್ಲು. ರಜೆ ಆಗಲೇ ಸಿಗೋದು ಅನ್ನುವವರು ಸುತ್ತಾಟವನ್ನು ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನ ಸೌತ್ ಬ್ಯಾಂಕ್ ಪಕ್ಕದ ಗೋಮಾ ಕಲಾ ಗ್ಯಾಲರಿಗೆ ಹೋಗಿ. ಒಳಗೆ ಏಸಿ ಇದೆ, ಕೆಲವು ವಿಶೇಷ ಪ್ರದರ್ಶನ ಬಿಟ್ಟರೆ ಪ್ರವೇಶ ಉಚಿತ.