ಬರ್ನಿಂಗ್ ಸ್ಪಿಯರ್ ಕೇಳೋಕೆ ಶುರು ಮಾಡಿದೆ, ಅದೂ ತಲೆಕೆಳಗಾಗಿ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನಮ್ಮ ಮನೆಯ ಅಟ್ಟ. ಧೂಳು ನೋಡಿ ಬೈಯಬೇಡಿ. ಆ ಮೂಲೆಯಲ್ಲಿ ಹಳೇ ಸೀರೆ ಸುತ್ತಿಟ್ಟಿರುವುದು ಅಪ್ಪನ ಕಾಲದ ಸ್ಪೀಕರ್ ಜೋಡಿ. ಅವನ್ನು ಕೆಳಗಿಳಿಸಿ, ಒರೆಸಿ, ವಯರ್ ಹುಡುಕಿ ಹಾಕುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ಅಷ್ಟೆಲ್ಲಾ ಯಾಕೆ ಒದ್ದಾಡಿದೆ ಅಂತ ಹೇಳುತ್ತೇನೆ.

ಒಂದು ತಿಂಗಳಿಂದ ನಾನು ಒಬ್ಬರ ಹಾಡುಗಳನ್ನೇ ಕೇಳುತ್ತಿದ್ದೇನೆ. ಬರ್ನಿಂಗ್ ಸ್ಪಿಯರ್. ಜಮೈಕಾದ ರೆಗೆ ಗಾಯಕ, ಹುಟ್ಟು ಹೆಸರು ವಿನ್‌ಸ್ಟನ್ ರಾಡ್ನಿ. ‘ಉರಿಯುವ ಈಟಿ’ ಅನ್ನೋ ಬಿರುದು ಮೊದಲು ಇದ್ದದ್ದು ಕೀನ್ಯಾದ ಸ್ವಾತಂತ್ರ್ಯ ಹೋರಾಟದ ನಾಯಕ ಜೋಮೋ ಕೆನ್ಯಾಟಾ ಅವರಿಗೆ, ಅಲ್ಲಿಂದ ಇವರು ತೆಗೆದುಕೊಂಡರು. ರೆಗೆ ಅಂದರೆ ನನಗೆ ಅಷ್ಟು ದಿನ ಬಾಬ್ ಮಾರ್ಲಿ ಮಾತ್ರ. ಅದೂ ಟೀ ಶರ್ಟ್ ಮೇಲಿನ ಮಾರ್ಲಿ.

ಇವರ ಹತ್ತಿರ ಬಂದದ್ದು ಸುತ್ತು ದಾರಿಯಲ್ಲಿ. ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ 2005ರಲ್ಲಿ ಒಂದು ರೆಗೆ ಆಲ್ಬಂ ಮಾಡಿದ್ದರು, ‘ಥ್ರೋ ಡೌನ್ ಯುವರ್ ಆರ್ಮ್ಸ್’ ಅಂತ. ಹನ್ನೆರಡು ಹಾಡು, ಎಲ್ಲವೂ ಬೇರೆಯವರವು. ಅದರಲ್ಲಿ ಐದು ಬರ್ನಿಂಗ್ ಸ್ಪಿಯರ್ ಅವರವು, ಆಲ್ಬಂನ ಹೆಸರೂ ಅವರ ಹಾಡಿನದೇ. ಯಾರಪ್ಪಾ ಇವರು, ಮಾರ್ಲಿಗಿಂತ ಜಾಸ್ತಿ ಇವರದೇ ಇದೆಯಲ್ಲ ಅಂತ ಫೋನ್ ತೆಗೆದು ಹುಡುಕಿದೆ.

ಅಲ್ಲೇ ಎಡವಿದ್ದು. ಆ್ಯಪ್‌ನಲ್ಲಿ ಹೊಸ ಆಲ್ಬಂ ಮೇಲೆ, ಹಳೆಯದು ಕೆಳಗೆ. ಮಧ್ಯದಲ್ಲಿ ಲೈವ್, ಡಬ್, ಆಯ್ದ ಹಾಡುಗಳ ಸಂಗ್ರಹ ಎಲ್ಲಾ ಕಲಸಿಹೋಗಿದೆ. ನಾನು ಮೇಲಿಂದ ಶುರು ಮಾಡಿ ಫೋನಿನ ಪುಟಾಣಿ ಸ್ಪೀಕರ್‌ನಲ್ಲೇ ಪಾತ್ರೆ ತೊಳೆಯುತ್ತಾ ಕೇಳಿದೆ. ಎರಡು ಆಲ್ಬಂ ಮುಗಿಯಿತು. ಚೆನ್ನಾಗಿದೆ, ಆದರೆ ಏನಿದೆ ಇದರಲ್ಲಿ ಅನ್ನಿಸಿತು.

ಏನೂ ಇರಲಿಲ್ಲ, ಯಾಕೆಂದರೆ ಬೇಸ್ ಇರಲಿಲ್ಲ. ರೆಗೆಯಲ್ಲಿ ರಾಗ ಹಿಡಿದುಕೊಂಡು ನಡೆಯುವುದೇ ಬೇಸ್ ಗಿಟಾರ್. ಫೋನ್ ಸ್ಪೀಕರ್‌ಗೆ ಅದು ಬರುವುದೇ ಇಲ್ಲ, ಬರೀ ಗಿಟಾರಿನ ‘ಚಿಕ್, ಚಿಕ್’ ಕೇಳುತ್ತದೆ. ಹುಳಿ ಬಿಟ್ಟು ಒಗ್ಗರಣೆ ಮಾತ್ರ ಬಡಿಸಿದ ಹಾಗೆ. ನೀವೇ ಕೈ ತಟ್ಟಿ ನೋಡಿ: ಒಂದು, ಎರಡು, ಮೂರು, ನಾಲ್ಕು. ನಮಗೆ ಒಂದರ ಮೇಲೆ ಪೆಟ್ಟು ಬಿದ್ದರೆ ಸಮಾಧಾನ. ರೆಗೆಯ ‘ಒನ್ ಡ್ರಾಪ್’ ತಾಳದಲ್ಲಿ ಆ ಒಂದು ಖಾಲಿ. ಡ್ರಮ್ಮಿನ ದೊಡ್ಡ ಪೆಟ್ಟು ಬೀಳುವುದು ಮೂರರ ಮೇಲೆ. ಮೊದಲ ವಾರ ನನ್ನ ಕಾಲು ಪ್ರತೀ ಸಲ ತಪ್ಪು ಜಾಗದಲ್ಲಿ ನೆಲ ಬಡಿಯುತ್ತಿತ್ತು. ಅದಕ್ಕೇ ಅಟ್ಟ ಹತ್ತಿದ್ದು.

ಸ್ಪೀಕರ್ ಬಂದ ಮೇಲೆ ಕೆಳಗಿಂದ ಮೇಲಕ್ಕೆ, ವರ್ಷದ ಲೆಕ್ಕದಲ್ಲಿ ಶುರು ಮಾಡಿದೆ. 1969. ರಾಡ್ನಿಗೆ ಹಾಡಬೇಕು ಅಂತ ಆಸೆ, ದಾರಿ ಗೊತ್ತಿಲ್ಲ. ಅವರದು ಸೇಂಟ್ ಆನ್ ಜಿಲ್ಲೆ, ಮಾರ್ಲಿಯದೂ ಅದೇ ಜಿಲ್ಲೆಯ ನೈನ್ ಮೈಲ್ ಅನ್ನೋ ಹಳ್ಳಿ. ಒಂದು ದಿನ ಮಾರ್ಲಿ ಎದುರಿಗೆ ಸಿಗುತ್ತಾರೆ. ಗಿಟಾರ್ ಹಿಡಿದುಕೊಂಡಲ್ಲ, ಕತ್ತೆ ಹೊಡೆದುಕೊಂಡು, ಬಕೆಟ್ಟು, ಕತ್ತಿ, ನೆಡೋಕೆ ಸಸಿ ಇಟ್ಟುಕೊಂಡು ತೋಟಕ್ಕೆ ಹೊರಟವರು. ಹಾಡಬೇಕು, ಏನು ಮಾಡಲಿ ಅಂತ ಇವರು ಕೇಳಿದರು. ಸ್ಟುಡಿಯೋ ಒನ್‌ಗೆ ಹೋಗು ಅಂದರು ಅವರು. ಅಷ್ಟೇ ಮಾತು. ಕಿಂಗ್‌ಸ್ಟನ್‌ನಲ್ಲಿ ಕಾಕ್ಸನ್ ಡಾಡ್ ನಡೆಸುತ್ತಿದ್ದ ಆ ಸ್ಟುಡಿಯೋದಲ್ಲಿ ‘ಡೋರ್ ಪೀಪ್’ ಅನ್ನೋ ಹಾಡು ರೆಕಾರ್ಡ್ ಆಯಿತು, ಆಮೇಲೆ 1973 ಮತ್ತು 1974ರಲ್ಲಿ ಎರಡು ಆಲ್ಬಂ. ‘ಡೋರ್ ಪೀಪ್’ ಮೊದಲ ಹಾಡು ಅಂತ ಅನ್ನಿಸುವುದೇ ಇಲ್ಲ. ಅವಸರ ಇಲ್ಲ, ಮೆಚ್ಚಿಸಬೇಕು ಅನ್ನೋ ಆತಂಕ ಇಲ್ಲ. ರಾತ್ರಿ ಹೊತ್ತು ಯಾರೋ ದೂರದಲ್ಲಿ ಜಪ ಮಾಡುತ್ತಿರುವ ಹಾಗೆ ಇದೆ.

ಇದೇ ಹಾಡು ಕೇಳುತ್ತಾ ಕೂತಿದ್ದಾಗ ಅಮ್ಮ ಬಂದರು. ಎರಡು ನಿಮಿಷ ನಿಂತರು. “ಏನೋ ಇದು, ಅವನಿಗೆ ಬೇರೆ ಸಾಲೇ ಬರಲ್ವಾ?” ಅಂದು ಹೋದರು. ನಗು ಬಂತು, ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿಜ, ಇವರು ಒಂದೇ ಸಾಲನ್ನು ಹತ್ತು ಸಲ ಹೇಳುತ್ತಾರೆ. ಸಾಲು ಮಾತ್ರ ಅಲ್ಲ, ಹಾಡನ್ನೇ ಮತ್ತೆ ಮತ್ತೆ ತರುತ್ತಾರೆ. ‘ಡೋರ್ ಪೀಪ್’ 1976ರ ‘ಮ್ಯಾನ್ ಇನ್ ದ ಹಿಲ್ಸ್’ ಆಲ್ಬಂನಲ್ಲಿ ಹೊಸದಾಗಿ ಬರುತ್ತದೆ. 1977ರ ‘ಡ್ರೈ ಅಂಡ್ ಹೆವಿ’ಯಲ್ಲಿ ಸ್ಟುಡಿಯೋ ಒನ್ ಕಾಲದ ಇನ್ನೂ ಕೆಲವು ಹಾಡುಗಳನ್ನು ಮತ್ತೆ ಹಾಡಿದ್ದಾರೆ. ಸರಕು ಖಾಲಿಯಾಗಿತ್ತಾ? ನನಗೂ ಮೊದಲು ಹಾಗೇ ಅನ್ನಿಸಿದ್ದು.

ಅದಕ್ಕೆ ಉತ್ತರ ಸಿಕ್ಕಿದ್ದು 1975ರ ಆಲ್ಬಂನಲ್ಲಿ. ಹೆಸರು ‘ಮಾರ್ಕಸ್ ಗಾರ್ವಿ’. ಇದೊಂದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಗಾರ್ವಿ ಹುಟ್ಟಿದ್ದು 1887ರಲ್ಲಿ, ಇದೇ ಸೇಂಟ್ ಆನ್ ಜಿಲ್ಲೆಯ ಸೇಂಟ್ ಆನ್ಸ್ ಬೇ ಊರಿನಲ್ಲಿ. ಅಂದರೆ ನಮ್ಮ ಗಾಯಕರ ಊರಿನವರೇ. ಜಗತ್ತಿನ ಕಪ್ಪು ಜನರೆಲ್ಲಾ ಒಂದಾಗಬೇಕು ಅಂತ 1914ರಲ್ಲಿ ಸಂಘಟನೆ ಕಟ್ಟಿದರು. 1919ರಲ್ಲಿ ಅಮೆರಿಕದಲ್ಲಿ ‘ಬ್ಲ್ಯಾಕ್ ಸ್ಟಾರ್ ಲೈನ್’ ಅನ್ನೋ ಹಡಗು ಕಂಪನಿಯನ್ನೇ ಶುರು ಮಾಡಿದರು. ಕಂಪನಿ ಮುಳುಗಿತು, ಅಂಚೆ ವಂಚನೆಯ ಕೇಸಿನಲ್ಲಿ ಜೈಲಾಯಿತು, 1927ರಲ್ಲಿ ಗಡೀಪಾರಾಯಿತು, 1940ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು. 1964ರಲ್ಲಿ ದೇಹವನ್ನು ಜಮೈಕಾಕ್ಕೆ ತಂದರು, ದೇಶದ ಮೊದಲ ರಾಷ್ಟ್ರೀಯ ವೀರ ಅಂತ ಘೋಷಿಸಿದರು.

ಇಷ್ಟಾಗಿ ಹನ್ನೊಂದು ವರ್ಷಕ್ಕೆ ಬರುವ ಈ ಆಲ್ಬಂನ ‘ಓಲ್ಡ್ ಮಾರ್ಕಸ್ ಗಾರ್ವಿ’ ಹಾಡಿನಲ್ಲಿ ಬರ್ನಿಂಗ್ ಸ್ಪಿಯರ್ ಏನು ಹೇಳುತ್ತಾರೆ ಗೊತ್ತಾ? ಪಾಲ್ ಬೋಗಲ್ ಬಗ್ಗೆ ಮಾತಾಡುತ್ತೀರಿ, ನಾರ್ಮನ್ ಮ್ಯಾನ್ಲಿ ಬಗ್ಗೆ ಮಾತಾಡುತ್ತೀರಿ, ಬುಸ್ಟಮಾಂಟೆ ಬಗ್ಗೆ ಮಾತಾಡುತ್ತೀರಿ, ನಮ್ಮ ಗಾರ್ವಿ ಮಾತ್ರ ಯಾರಿಗೂ ನೆನಪಿಲ್ಲ ಅಂತ. ಆ ಮೂವರೂ ಜಮೈಕಾದ ದೊಡ್ಡ ನಾಯಕರು. ಸರ್ಕಾರ ಬಿರುದು ಕೊಟ್ಟಾಗಿದೆ, ಸ್ಮಾರಕ ಆಗಿದೆ, ಆದರೂ ನೆನಪಿಲ್ಲ ಅನ್ನುತ್ತಾರೆ. ಪ್ರತಿಮೆ ಕಟ್ಟಿ ಮರೆತುಬಿಡುವುದು ಹೇಗೆ ಅಂತ ನಮಗೇನು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಇದೇ ಆಲ್ಬಂನಲ್ಲಿ ‘ಸ್ಲೇವರಿ ಡೇಸ್’ ಕೂಡ ಇದೆ. ಗುಲಾಮಗಿರಿಯ ದಿನಗಳು ನೆನಪಿವೆಯಾ ಅಂತ ಕೇಳುತ್ತಾರೆ. ಮತ್ತೆ ಕೇಳುತ್ತಾರೆ. ಮತ್ತೆ. ಉತ್ತರ ಬರುವ ತನಕ ಬಾಗಿಲು ತಟ್ಟುವ ಹಾಗೆ. ಅಮ್ಮ ಕೇಳಿದ್ದಕ್ಕೆ ನನಗೆ ಹೊಳೆದ ಉತ್ತರ ಇದು: ಬೇರೆ ಸಾಲು ಬರುತ್ತದಮ್ಮಾ, ಆದರೆ ಈ ಸಾಲು ಇನ್ನೂ ಯಾರಿಗೂ ಮುಟ್ಟಿಲ್ಲ ಅಂತ ಅವರಿಗೆ ಅನುಮಾನ.

ಆಲ್ಬಂ ಮಾಡಿಸಿದವರು ಜ್ಯಾಕ್ ರೂಬಿ, ಓಚೋ ರಿಯೋಸ್‌ನಲ್ಲಿ ಸೌಂಡ್ ಸಿಸ್ಟಂ ನಡೆಸುತ್ತಿದ್ದವರು. ಸೌಂಡ್ ಸಿಸ್ಟಂ ಅಂದರೆ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೇರಿಸಿ, ಬಯಲಲ್ಲಿ ರೆಕಾರ್ಡ್ ಹಾಕಿ ಊರನ್ನೆಲ್ಲಾ ಕುಣಿಸುವ ವ್ಯವಸ್ಥೆ. ಆಗ ಬರ್ನಿಂಗ್ ಸ್ಪಿಯರ್ ಅಂದರೆ ಮೂವರು: ರಾಡ್ನಿ ಜೊತೆಗೆ ರೂಪರ್ಟ್ ವಿಲಿಂಗ್ಟನ್, ಡೆಲ್ರಾಯ್ ಹೈಂಡ್ಸ್. ಹಿಂದೆ ನುಡಿಸಿದವರಲ್ಲಿ ಬೇಸ್‌ಗೆ ರಾಬಿ ಶೇಕ್ಸ್‌ಪಿಯರ್, ಡ್ರಮ್‌ಗೆ ಲೆರಾಯ್ ವಾಲೆಸ್, ಎಲ್ಲರೂ ಕರೆಯುವುದು ‘ಹಾರ್ಸ್‌ಮೌತ್’ ಅಂತ. ಶೀರ್ಷಿಕೆ ಹಾಡಿನಲ್ಲಿ ಟ್ರಂಪೆಟ್, ಟ್ರಾಂಬೋನ್ ಒಟ್ಟಿಗೆ ಏಳುವ ಜಾಗ ಬಂದಾಗ ನಮ್ಮ ಷೋಕೇಸಿನ ಗಾಜು ನಿಜವಾಗಿಯೂ ನಡುಗಿತು. ಈ ಕ್ಲಿಪ್ ನೋಡಿ. ಆ ಸ್ಟೀಲ್ ಲೋಟ ಸರಿಯುತ್ತಿದೆ, ನಾನು ತಳ್ಳುತ್ತಿಲ್ಲ.

ಹೊರದೇಶಗಳಿಗೆ ಇದನ್ನು ಬಿಡುಗಡೆ ಮಾಡಿದ ಐಲ್ಯಾಂಡ್ ಕಂಪನಿ, ರಾಕ್ ಕೇಳುವ ಬಿಳಿಯ ಜನರಿಗೆ ರುಚಿಸಲಿ ಅಂತ ಮಿಕ್ಸ್ ಬದಲಾಯಿಸಿತು. ಅದು ಇವರಿಗೆ ಇಷ್ಟವಾಗಲಿಲ್ಲ, ಆಮೇಲೆ ಸ್ಪಿಯರ್ ಅಂತ ತಮ್ಮದೇ ಲೇಬಲ್ ಮಾಡಿಕೊಂಡರು. 1976ರಲ್ಲಿ ಇದೇ ಹಾಡುಗಳ ಡಬ್ ಆಲ್ಬಂ ‘ಗಾರ್ವೀಸ್ ಘೋಸ್ಟ್’ ಬಂತು. ಡಬ್‌ನಲ್ಲಿ ಹಾಡುಗಾರನ ದನಿ ಹೆಚ್ಚೂಕಮ್ಮಿ ತೆಗೆದುಬಿಡುತ್ತಾರೆ. ಬೇಸು, ಡ್ರಮ್ಮು, ಪ್ರತಿಧ್ವನಿ ಉಳಿಯುತ್ತವೆ. ಅಲ್ಲೊಂದು ಇಲ್ಲೊಂದು ಮಾತು ಗಾಳಿಯಲ್ಲಿ ತೇಲಿ ಬಂದು ಮಾಯವಾಗುತ್ತದೆ. ತುಂಬಾ ಜನಕ್ಕೆ ಇದು ತೆಳು ಅನ್ನಿಸಿದೆಯಂತೆ. ನನಗೆ ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ ಕೇಳೋಕೆ ಇದೇ ಬೇಕು.

ಸೇಂಟ್ ಆನ್ಸ್ ಬೇ ಬಗ್ಗೆ ಇನ್ನೊಂದು ಮಾತು. ಕೊಲಂಬಸ್ ಜಮೈಕಾಕ್ಕೆ ಬಂದದ್ದು 1494ರಲ್ಲಿ. 1503ರಲ್ಲಿ ಮತ್ತೆ ಬಂದಾಗ ಹಡಗುಗಳಿಗೆ ಹುಳ ಹಿಡಿದು ತೂತಾಗಿ, ಇದೇ ಕೊಲ್ಲಿಯಲ್ಲಿ ಸುಮಾರು ಒಂದು ವರ್ಷ ಸಿಕ್ಕಿಹಾಕಿಕೊಂಡಿದ್ದ. ಅದೇ ಊರಿನ ಹುಡುಗ ದೊಡ್ಡವನಾಗಿ 1980ರ ‘ಹೇಲ್ ಹಿಮ್’ ಆಲ್ಬಂನಲ್ಲಿ ‘ಕೊಲಂಬಸ್’ ಅಂತ ಹಾಡು ಮಾಡಿ, ಆತ ಸುಳ್ಳುಗಾರ, ಮೊದಲೇ ಜನ ಇದ್ದ ನೆಲವನ್ನು ಅವನೇನು ಕಂಡುಹಿಡಿಯುವುದು ಅಂತ ಝಾಡಿಸುತ್ತಾರೆ. ನಾನು ಶಾಲೆಯಲ್ಲಿ ‘ಕೊಲಂಬಸ್ ಏನನ್ನು ಕಂಡುಹಿಡಿದನು’ ಅನ್ನೋದಕ್ಕೆ ಒಂದು ಅಂಕ ತೆಗೆದುಕೊಂಡವರ ಪೈಕಿ. ಆ ಅಂಕ ಈಗ ವಾಪಸ್ ಕೊಡಬೇಕು ಅನ್ನಿಸುತ್ತಿದೆ.

1977ರಲ್ಲಿ ಲಂಡನ್‌ನ ರೈನ್‌ಬೋ ಥಿಯೇಟರ್‌ನ ಲೈವ್ ಆಲ್ಬಂ, ಹಿಂದೆ ನುಡಿಸಿದ್ದು ಆಸ್ವಾಡ್ ತಂಡ. 1978ರ ‘ಸೋಷಿಯಲ್ ಲಿವಿಂಗ್’ನಲ್ಲಿ ಒಂಬತ್ತು ಹಾಡು, ನಾಲ್ಕರ ಹೆಸರಿನಲ್ಲೇ ಮಾರ್ಕಸ್ ಅಥವಾ ಗಾರ್ವಿ ಇದೆ. ಇನ್ನೂ ಬಿಟ್ಟಿಲ್ಲ ನೋಡಿ! ಕೊನೆಯ ಹಾಡು ‘ಮಾರ್ಕಸ್ ಸೇ ಜಾ ನೋ ಡೆಡ್’. ಇದಕ್ಕೆ ಹಿನ್ನೆಲೆ ಬೇಕು. ರಾಸ್ತಾಫಾರಿ ಅನ್ನೋದು ಜಮೈಕಾದಲ್ಲಿ ಹುಟ್ಟಿದ ಒಂದು ಧಾರ್ಮಿಕ ಪಂಥ. ಅವರಿಗೆ ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿಯೇ ದೇವರು, ‘ಜಾ’ ಅಂದರೆ ದೇವರು. 1975ರಲ್ಲಿ ಆತ ಸತ್ತ ಸುದ್ದಿ ಬಂತು. ಇಲ್ಲ, ಸತ್ತಿಲ್ಲ ಅನ್ನುತ್ತದೆ ಈ ಹಾಡು. ತಮಾಷೆ ಅಂದರೆ ಗಾರ್ವಿ ರಾಸ್ತಾ ಅಲ್ಲವೇ ಅಲ್ಲ, 1930ರ ದಶಕದಲ್ಲಿ ಸೆಲಾಸಿಯನ್ನು ಕಟುವಾಗಿ ಟೀಕಿಸಿದ್ದವರು. ಆದರೂ ಅವರ ಬಾಯಲ್ಲಿ ಈ ಮಾತು ಇಟ್ಟಿದ್ದಾರೆ. ನನಗೆ ಇದು ಇನ್ನೂ ಪೂರ್ತಿ ಜೀರ್ಣವಾಗಿಲ್ಲ.

‘ರಾಕರ್ಸ್’ ಅನ್ನೋ 1978ರ ಸಿನಿಮಾದಲ್ಲಿ ಇದೇ ಹಾಡನ್ನು ರಾತ್ರಿ, ಸಮುದ್ರದ ಪಕ್ಕ, ವಾದ್ಯವೇ ಇಲ್ಲದೆ ಹಾಡುತ್ತಾರೆ. ಪಕ್ಕದಲ್ಲಿ ಹಾರ್ಸ್‌ಮೌತ್ ಸುಮ್ನೆ ಕೂತಿರುತ್ತಾರೆ. ಅಲೆಯ ಸದ್ದು, ಒಂದು ದನಿ, ಅಷ್ಟೇ. ಬೇಸ್ ಇಲ್ಲದ ರೆಗೆ ರೆಗೆಯೇ ಅಲ್ಲ ಅಂತ ಮೊದಲು ಭಾಷಣ ಮಾಡಿದೆನಲ್ಲ, ಅದನ್ನು ಇಲ್ಲಿಗೆ ವಾಪಸ್ ತೆಗೆದುಕೊಳ್ಳುತ್ತೇನೆ.

ಎಂಬತ್ತರ ದಶಕಕ್ಕೆ ಬಂದಾಗ ನಿಜ ಹೇಳಬೇಕೆಂದರೆ ಸ್ವಲ್ಪ ಬೋರಾಯಿತು. ಕೀಬೋರ್ಡ್ ಹೊಳಪು ಜಾಸ್ತಿ, ಕತ್ತಲು ಕಮ್ಮಿ. ಆದರೆ ಆ ಹೊತ್ತಿನ ಬ್ಯಾಂಡ್‌ನಲ್ಲಿ ಊದುವ ವಾದ್ಯಗಳಿಗೆ ಮೂವರು ಹೆಂಗಸರು ಇದ್ದರು, ಪಮೇಲಾ ಫ್ಲೆಮಿಂಗ್, ಜೆನಿಫರ್ ಹಿಲ್, ನಿಲ್ಡಾ ರಿಚರ್ಡ್ಸ್. ಅವರಿಗಾಗಿ 1986ರ ‘ಪೀಪಲ್ ಆಫ್ ದ ವರ್ಲ್ಡ್’ ಎರಡು ಸಲ ಕೇಳಿದೆ. ತೊಂಬತ್ತರ ದಶಕದ್ದು ಬೇಗ ಬೇಗ ದಾಟಿದೆ. 1999ರ ‘ಕಾಲಿಂಗ್ ರಾಸ್ತಾಫಾರಿ’ಗೆ ಮತ್ತು 2008ರ ‘ಜಾ ಈಸ್ ರಿಯಲ್’ಗೆ ಗ್ರ್ಯಾಮಿ ಬಂದಿದೆ. ಗ್ರ್ಯಾಮಿ ನೋಡಿ ಇಲ್ಲಿಂದ ಶುರು ಮಾಡಬೇಡಿ, ನಾನು ಮಾಡಿ ಕೆಟ್ಟಿದ್ದೇನೆ.

ಆಮೇಲೆ ಹದಿನೈದು ವರ್ಷ ಹೊಸ ಆಲ್ಬಂ ಇಲ್ಲ. 2023ರಲ್ಲಿ ‘ನೋ ಡೆಸ್ಟ್ರಾಯರ್’. ತಿಂಗಳ ಹಿಂದೆ ಪಾತ್ರೆ ತೊಳೆಯುತ್ತಾ ಮೊದಲು ಕೇಳಿ ಪಕ್ಕಕ್ಕಿಟ್ಟದ್ದು ಇದೇ. ಮೊನ್ನೆ ಮತ್ತೆ ಹಾಕಿದೆ. ‘ಡೋರ್ ಪೀಪ್’ ಆಗಿ 54 ವರ್ಷ, ಅದೇ ನಿಧಾನ, ಅದೇ ಹಟ. ಮಧ್ಯದ ಆಲ್ಬಂಗಳನ್ನು ಕೇಳದೆ ಇದನ್ನು ಕೇಳಿದರೆ ಯಾರೋ ಅಪರಿಚಿತರ ಮನೆ ಜಗುಲಿಯಲ್ಲಿ ಕೂತ ಹಾಗಿರುತ್ತದೆ. ಈಗ ಹಾಗಿಲ್ಲ.

ಇದರ ಮೂರನೇ ಹಾಡಿಗೆ ಬರುವಷ್ಟರಲ್ಲಿ ಎಡಗಡೆ ಸ್ಪೀಕರ್ ‘ಪರ್ರ್’ ಅಂತು. ಒಳಗಿನ ಕಾಗದ ಹರಿದಿದೆ, ನೋಡಿ, ಇಲ್ಲಿ. ರಿಪೇರಿಯವರು ಸೋಮವಾರ ಬರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ‘ಗಾರ್ವೀಸ್ ಘೋಸ್ಟ್’ ಬಲಗಡೆ ಒಂದರಲ್ಲೇ.